ಟೆಲ್ಯೂರಿಯಮಿನ ತಿರುಪು

ತಂತಿಯಲ್ಲಿ ವಿದ್ಯುತ್ತು ಹರಿದರೆ ಎಲೆಕ್ಟ್ರಾನುಗಳ ಸ್ಪಿನ್ನುಗಳೆಲ್ಲ ಒಂದೇ ಕಡೆಗೆ ಮುಖಮಾಡುವುವೇ ಎಂದು 1985ರಲ್ಲಿ ನನ್ನ ತರಗತಿಯ ಹುಡುಗನೊಬ್ಬ ಕೇಳಿದ. "ಅದಕ್ಕೆ ಅಯಸ್ಕಾಂತ ಬೇಕಪ್ಪ, ಬರಿಯ ವಿದ್ಯುತ್ತಿನಿಂದಾಗದು" ಎಂದು ಹೇಳಿ ಕೂರಿಸಿದೆ. ತಾಮ್ರದ ಮಟ್ಟಿಗೆ ಆ ಉತ್ತರ ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಹುಡುಗ ತಂತಿಯೆಂದಿದ್ದನೇ ಹೊರತು ತಾಮ್ರವೆಂದಿರಲಿಲ್ಲ. ನಾನು ಹಾಗೆಂದ ವೇಳೆಗೆ ಲೆನಿನ್‌ಗ್ರಾಡಿನಲ್ಲಿ ಬೇರೊಂದು ಉತ್ತರ ದೊರೆತು ಆರು ವರ್ಷಗಳಾಗಿದ್ದವು.

ಸ್ಪಿನ್ನನ್ನು ಬುಗುರಿಯ ಗಿರಕಿಗೆ ಹೋಲಿಸುವುದು ರೂಢಿ. ಹೋಲಿಕೆ ಪೂರ್ತಿ ಹೊಂದದು. ಪ್ರತಿ ಎಲೆಕ್ಟ್ರಾನೂ ಒಂದು ಕಿರುಕಾಂತವೆಂಬುದಂತೂ ನಿಜ. ಭಾರವಾದ ಪರಮಾಣುಗಳ ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಓಡುವ ಎಲೆಕ್ಟ್ರಾನಿಗೆ ಆ ಕ್ಷೇತ್ರವೇ ಕೊಂಚ ಕಾಂತಕ್ಷೇತ್ರವಾಗಿಯೂ ತೋರುತ್ತದೆ. ಹೀಗೆ ಓಟಕ್ಕೂ ಸ್ಪಿನ್ನಿಗೂ ಗಂಟು ಬೀಳುತ್ತದೆ.

ಟೆಲ್ಯೂರಿಯಮ್ ಹರಳಿನಲ್ಲಿ ಈ ಗಂಟು ಸೊಗಸಾಗಿ ಕಾಣುತ್ತದೆ. ಅಲ್ಲಿ ಪರಮಾಣುಗಳು ಸುರುಳಿ ಸರಪಣಿಗಳಾಗಿ, ಮೂರಕ್ಕೊಂದು ಸುತ್ತಿನಂತೆ ಏರುತ್ತವೆ. ಬಲತಿರುಪಿನ ಹರಳೂ ಉಂಟು, ಎಡತಿರುಪಿನದೂ ಉಂಟು. ತಿರುಪಿನ ಅಕ್ಷದಲ್ಲಿ ಮೇಲಕ್ಕೆ ಹೋಗುವ ಕಣದ ಸ್ಪಿನ್ನು ಒಂದು ಕಡೆಗೆ ಒಲಿದರೆ, ಕೆಳಗಿಳಿಯುವುದರ ಸ್ಪಿನ್ನು ಎದುರು ಕಡೆಗೆ ಒಲಿಯುತ್ತದೆ. ವಿದ್ಯುತ್ತು ಹರಿಯದಿದ್ದಾಗ ಏರುವವೂ ಇಳಿಯುವವೂ ಸರಿಸಮ. ಸ್ಪಿನ್ನಿನ ಮೊತ್ತ ಸೊನ್ನೆ. ಬ್ಯಾಟರಿ ಜೋಡಿಸಿ ನೋಡಿ: ಒಂದು ದಿಕ್ಕಿಗೆ ಹೋಗುವವು ತುಸು ಹೆಚ್ಚಾಗುತ್ತವೆ, ಅವುಗಳೊಡನೆ ಒಂದು ಪಾಲು ಸ್ಪಿನ್ನೂ ಉಳಿದುಬಿಡುತ್ತದೆ. ಅಯಸ್ಕಾಂತದ ಸೋಂಕೇ ಇಲ್ಲ!

ಇಂಥದೊಂದು ಆಗಬೇಕೆಂದು ಇವ್‌ಚೆಂಕೊ ಮತ್ತು ಪಿಕುಸ್ 1978ರಲ್ಲಿ ಗಣಿತದಿಂದ ಕಂಡರು. ಮರುವರ್ಷ ಅವರೂ ಅವರ ಸಂಗಡಿಗರೂ ಹರಳಿನ ಅಕ್ಷದುದ್ದಕ್ಕೆ ವಿದ್ಯುತ್ತನ್ನು ಹರಿಸಿ, ಅದೇ ದಾರಿಯಲ್ಲಿ ಅವಕೆಂಪು ಬೆಳಕನ್ನು ಹಾಯಿಸಿದರು. ತಿರುಪಿನ ಹರಳು ಬೆಳಕಿನ ಕಂಪನತಲವನ್ನು ಸಹಜವಾಗಿಯೇ ತಿರುಗಿಸುತ್ತದೆ. ವಿದ್ಯುತ್ತು ಹರಿದಾಗ ಆ ತಿರುಗುವಿಕೆ ಬದಲಾಯಿತು. ಪ್ರವಾಹದ ದಿಕ್ಕನ್ನು ಅದಲುಬದಲು ಮಾಡಿದರೆ ಆ ಬದಲಾವಣೆಯೂ ತಿರುವುಮುರುವಾಯಿತು. ಒಳಗಿನ ಸ್ಪಿನ್ನಿನ ಸುದ್ದಿಯನ್ನು ಬೆಳಕು ಹೊರಗೆ ತಂದಿತ್ತು.

ಮುಂದಿನದು ದೊಡ್ಡ ಕಥೆ. 2011ರಲ್ಲಿ ಸ್ಪೇನಿನ ಬಾರ್ಸಿಲೋನಾ ಮತ್ತು ಫ್ರಾನ್ಸಿನ ಗ್ರೆನೋಬ್ಲಿನ ಜಂಟಿ ತಂಡವೊಂದು ಪ್ಲಾಟಿನಮಿನ ಮೇಲೆ ನ್ಯಾನೋಮೀಟರಿಗಿಂತಲೂ ತೆಳುವಾದ ಕೋಬಾಲ್ಟ್ ಪದರವನ್ನಿಟ್ಟು, ಅಡ್ಡಲಾಗಿ ವಿದ್ಯುತ್ತನ್ನು ಹರಿಸಿ, ಆ ಪದರದ ಕಾಂತತ್ವವನ್ನು ತಲೆಕೆಳಗು ಮಾಡಿ ತೋರಿಸಿತು. ಒಂದು ಸಣ್ಣ ಹೊರಗಿನ ಕಾಂತಕ್ಷೇತ್ರದ ಆಸರೆ ಮಾತ್ರ ಬೇಕಾಯಿತು. ಗಣಕಯಂತ್ರಗಳ ಸ್ಮೃತಿಯನ್ನು ಹೀಗೆ ಬರೆಯಬಹುದೆಂಬ ಆಸೆ ಅದರಿಂದ ಬಲಿಯಿತು.

ಆ ಹುಡುಗ ಮತ್ತೆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಎಲ್ಲಾದರೂ ಸಿಕ್ಕರೆ ಯೋಗಕ್ಷೇಮಕ್ಕೂ ಮೊದಲು ಈ ಹರಳಿನ ಮಾತನ್ನೇ ಎತ್ತಬೇಕೆಂದಿದ್ದೇನೆ.