ಬೆಂಗಳೂರು–ಮಂಗಳೂರು: ಆಕಾಶಮಾರ್ಗದ ದೂರವೂ ಪ್ರಯಾಣಕಾಲವೂ

ನಕಾಶೆಯ ಮೇಲೆ ಬೆಂಗಳೂರಿನ ವಿಮಾನನಿಲ್ದಾಣದಿಂದ ಮಂಗಳೂರಿನ ವಿಮಾನನಿಲ್ದಾಣಕ್ಕೆ ಸರಳರೇಖೆಯೊಂದನ್ನೆಳೆದರೆ, ಅದು ಆಲೂರು, ಸಕಲೇಶಪುರ ಪಟ್ಟಣಗಳಿಗೆ ತುಸು ಉತ್ತರದಲ್ಲಿ ಮಲೆಗಳ ಮೇಲೆ ಹಾಯುತ್ತದೆ. ಈ ರೇಖೆಯ ಉದ್ದವೆಷ್ಟು, ಅದನ್ನು ಕ್ರಮಿಸಲು ಹಿಡಿಯುವ ಕಾಲವೆಷ್ಟು ಎಂಬ ಪ್ರಶ್ನೆ ಭೂಗೋಳದವರದೆಂದು ಇತಿಹಾಸದ ವಿದ್ಯಾರ್ಥಿಗಳು ಬದಿಗಿಡುವುದುಂಟು. ಅದು ಸರಿಯಲ್ಲವೆಂದು ನಮ್ಮ ಭಾವನೆ.

ಮೊದಲು ಲೆಕ್ಕವನ್ನು ನೋಡೋಣ. ಎರಡು ನಿಲ್ದಾಣಗಳ ರೇಖಾಂಶಗಳ ಅಂತರ ಸುಮಾರು ೨.೮೨ ಡಿಗ್ರಿ. ಒಂದು ಡಿಗ್ರಿಗೆ ಭೂಮಧ್ಯರೇಖೆಯ ಮೇಲೆ ಸುಮಾರು ೧೧೧ ಕಿಲೋಮೀಟರು. ಧ್ರುವದ ಕಡೆಗೆ ಸರಿದಂತೆ ರೇಖೆಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ೧೩ನೆಯ ಅಕ್ಷಾಂಶದಲ್ಲಿ ಅದು ಸುಮಾರು ೧೦೮. ಗುಣಿಸಿದರೆ ೩೦೫ ಕಿಲೋಮೀಟರು ಬರುತ್ತದೆ. ಉತ್ತರ-ದಕ್ಷಿಣದ ಅಂತರ ಅಲ್ಪವಾದುದರಿಂದ ಇದಕ್ಕೆ ಹೆಚ್ಚೇನೂ ಕೂಡುವುದಿಲ್ಲ. ಗಂಟೆಗೆ ೫೦೦ ಕಿಲೋಮೀಟರು ವೇಗದ ಎ.ಟಿ.ಆರ್. ವಿಮಾನಕ್ಕೆ ಇದು ೩೭ ನಿಮಿಷಗಳ ದಾರಿ. ಆದರೆ ವೇಳಾಪಟ್ಟಿ ಒಂದು ಗಂಟೆಯನ್ನೋ ಅದಕ್ಕೂ ತುಸು ಹೆಚ್ಚನ್ನೋ ಹೇಳುತ್ತದೆ. ನಿಂತ ತಾಣದಿಂದ ಕದಲಿದ ಕ್ಷಣದಿಂದ ಮತ್ತೆ ತಾಣದಲ್ಲಿ ನಿಲ್ಲುವವರೆಗಿನ ಕಾಲವನ್ನೆಲ್ಲ ಅದು ಎಣಿಸುತ್ತದೆ. ನೆಲದ ಮೇಲಿನ ಓಟ, ಏರುವಾಗಿನ ಮಂದಗತಿ, ಗಾಳಿಗೆದುರಾಗಿ ಇಳಿಯಲು ಹಾಕುವ ಸುತ್ತು ಇವೆಲ್ಲವೂ ಅದರಲ್ಲಿ ಸೇರಿವೆ. ದಾರಿ ಚಿಕ್ಕದಾದಷ್ಟೂ ಈ ಪಾಲು ದೊಡ್ಡದು.

ಮಂಗಳೂರಿನ ಬಜ್ಪೆ ನಿಲ್ದಾಣ ೧೯೫೧ರ ಡಿಸೆಂಬರ್ ೨೫ರಂದು ತೆರೆಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಿ.ಸಿ.೩ ವಿಮಾನದಲ್ಲಿ ಅಲ್ಲಿ ಬಂದಿಳಿದರು. ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣಗೊಂಡದ್ದಾದರೋ ೧೯೭೯ರಲ್ಲಿ. ಘಟ್ಟದಲ್ಲಿ ರೈಲಿಗಿಂತ ಮೊದಲು ವಿಮಾನ ಬಂದಿತೆಂಬುದು ಸೋಜಿಗವಾದರೂ ಕಾರಣ ಸ್ಪಷ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ೫೫ ಕಿಲೋಮೀಟರಿನಲ್ಲಿ ರೈಲು ಸುಮಾರು ೮೦೦ ಮೀಟರು ಕೆಳಗಿಳಿಯಬೇಕು. ಐವತ್ತಕ್ಕೆ ಒಂದರ ಇಳಿಜಾರಿಗಾಗಿ ೫೭ ಸುರಂಗಗಳನ್ನು ಕೊರೆಯಬೇಕಾಯಿತು. ಇಂದಿಗೂ ಇಷ್ಟು ದಾರಿಗೆ ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಅಷ್ಟರಲ್ಲಿ ವಿಮಾನವು ಮಂಗಳೂರಿಗೆ ಬಂದು ಹಿಂದಿರುಗಲೂಬಹುದು.

ನಮ್ಮ ಹಿಂದಿನವರು ದೂರವನ್ನು ಹರದಾರಿಯಲ್ಲಿ ಹೇಳಿದರೂ ಘಟ್ಟದ ವಿಷಯ ಬಂದಾಗ 'ಇಷ್ಟು ದಿನದ ದಾರಿ' ಎಂದೇ ಎಣಿಸುತ್ತಿದ್ದರು. ಅದು ಒರಟು ಅಳತೆಯಲ್ಲ, ಒಪ್ಪುವ ಅಳತೆ. ಟಿಪ್ಪು ಸುಲ್ತಾನನು ೧೭೯೨ರ ವೇಳೆಗೆ ಸಕಲೇಶಪುರದ ಬಳಿ ಎಂಟು ಮೂಲೆಗಳ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದುದು ಕರಾವಳಿಯಿಂದ ಏರಿಬರುವ ದಾರಿಯನ್ನು ಕಾಯುವುದಕ್ಕಾಗಿ. ಆ ಕಾಲದ ಸೈನ್ಯಗಳ ಚಲನೆಯನ್ನು ನಕಾಶೆಯ ಮೇಲೆ ಅಳತೆಪಟ್ಟಿಯಿಟ್ಟು ಲೆಕ್ಕಹಾಕುವ ವಿದ್ಯಾರ್ಥಿಗಳು ವಿಮಾನದ ದೂರವನ್ನು ಕಾಲಾಳಿನ ತಲೆಗೆ ಕಟ್ಟುತ್ತಾರೆ. ಪರೀಕ್ಷೆಯ ಉತ್ತರಗಳಲ್ಲಿ ಈ ತಪ್ಪನ್ನು ನಾವು ಪದೇ ಪದೇ ಕಂಡಿದ್ದೇವೆ.

ಮಳೆಗಾಲದಲ್ಲಂತೂ ನೆಲದ ದೂರ ಸ್ಥಿರವಾಗಿಯೇ ಉಳಿಯುವುದಿಲ್ಲ. ೨೦೧೮ರ ಆಗಸ್ಟ್‌ನಲ್ಲಿ ಭೂಕುಸಿತಗಳಿಂದ ಈ ರೈಲುಮಾರ್ಗ ಮುಚ್ಚಿತು. ೨೦೨೪ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿಗಳ ನಡುವೆ ಮಣ್ಣು ಕುಸಿದು ಸಂಚಾರ ಮತ್ತೆ ನಿಂತಿತು. ಶಿರಾಡಿಯ ರಸ್ತೆಯೂ ಮುಚ್ಚಿದರೆ, ಬೆಂಗಳೂರಿನಿಂದ ವಿಮಾನವೇರಿದವನಿಗೆ ಮಂಗಳೂರು ಒಂದು ಗಂಟೆಯ ದೂರದಲ್ಲಿಯೇ ಇರುತ್ತದೆ. ಆ ವಿಮಾನದ ಕೆಳಗೆ, ಸಕಲೇಶಪುರದಿಂದ ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವವನು ಮೂಡಿಗೆರೆಯ ಕಡೆಗೆ ತಿರುಗಿ ಚಾರ್ಮಾಡಿ ಘಟ್ಟವನ್ನು ಇಳಿಯಬೇಕಾಗುತ್ತದೆ.