ಓದಿದ ಅಕ್ಷರವನ್ನು ಮರಳಿಸುವ ಯುಕ್ತಿ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಝಳಕಿ ಎಂಬ ಊರಿದೆ. ಆ ಹೆಸರು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಗಣಕಯಂತ್ರಕ್ಕಾದರೋ ನಾಲ್ಕು ಸಂಕೇತಗಳು: ಝ, ಳ, ಕ, ಮತ್ತು ಕಕಾರದ ಮೇಲಿನ ಗುಡಿಸು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಇದೇ ಪದ್ಧತಿ.

ಇಂತಹ ಬರಹದಿಂದ ಒಂದೊಂದೇ ಅಕ್ಷರವನ್ನು ಬಿಡಿಸಿಕೊಳ್ಳುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯಹೊರಟವನಿಗೆ ಒಂದು ತೊಡಕು ಎದುರಾಗುತ್ತದೆ. ಸಂಕೇತಗಳು ಒಂದರ ಹಿಂದೊಂದು ಪ್ರವಾಹದಂತೆ ಬರುತ್ತವೆ. ಝಕಾರ ಬಂದಿತು; ಅಕ್ಷರ ಅಲ್ಲಿಗೇ ಮುಗಿಯಿತೋ, ಸ್ವರಚಿಹ್ನೆಯೋ ಒತ್ತೋ ಇನ್ನೂ ಬರಲಿದೆಯೋ? ಮುಂದಿನದನ್ನು ಓದಿದ ಹೊರತು ತಿಳಿಯದು. ಓದಿದರೆ ದೊರೆಯುವುದು ಳಕಾರ. ಝಕಾರ ಮುಗಿದುದೇನೋ ನಿಶ್ಚಯವಾಯಿತು, ಆದರೆ ಳಕಾರ ಪ್ರವಾಹವನ್ನು ಬಿಟ್ಟು ಕೈಗೆ ಬಂದುಬಿಟ್ಟಿತು! ಅದನ್ನು ಅಲ್ಲಿಯೇ ಬಿಸುಟು ಮುಂದುವರಿದರೆ ಝಳಕಿಯು 'ಝಕಿ'ಯಾಗುತ್ತದೆ. ಗುಡಿಸಿನ ನಂತರದ ತೆರಪೂ ಹೀಗೆಯೇ ಕಳೆದುಹೋಗಿ, ಪಕ್ಕದ ಹೆಸರು ಬಂದು ಅಂಟಿಕೊಳ್ಳುತ್ತದೆ. ಗ್ರಾಮಗಳ ಪಟ್ಟಿಯಲ್ಲಿ ಇಂತಹ ಪ್ರಮಾದವಾದರೆ ಹುಡುಕುವವನಿಗೆ ಊರೇ ಸಿಗದು. ಯಂತ್ರವು ತಪ್ಪಾಯಿತೆಂದು ಹೇಳುವುದೂ ಇಲ್ಲ.

ಸಂತೆಯಲ್ಲಿ ಜೋಳ ಕೊಳ್ಳುವವನು ಹಿಡಿ ಕಾಳು ತೆಗೆದು ನೋಡಿ, ಮರಳಿ ಚೀಲದ ಬಾಯಿಗೇ ಸುರಿಯುತ್ತಾನಲ್ಲವೆ? 'ಅನ್‌ಗೆಟ್‌ಸಿ' ಎಂಬ ಆಜ್ಞೆ ಮಾಡುವುದೂ ಅದನ್ನೇ. ಸಿ ಭಾಷೆಯ ಜನಕ ಡೆನ್ನಿಸ್ ರಿಚಿ, ಬ್ರಯನ್ ಕರ್ನಿಘನ್ನರೊಡನೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಇದರ ವಿವರಣೆಯಿದೆ. ಮರಳಿಸಿದ ಅಕ್ಷರವು ಮುಂದಿನ ಓದಿನಲ್ಲಿ ಮೊದಲು ಸಿಗುತ್ತದೆ. ಮೂಲ ಕಡತ ಮಾತ್ರ ಇದ್ದಂತೆಯೇ ಇರುತ್ತದೆ.

ಆದರೆ ಈ ಔದಾರ್ಯಕ್ಕೆ ಮಿತಿಯುಂಟು. ಒಂದನ್ನು ಮರಳಿ ಪಡೆಯುವೆನೆಂದಷ್ಟೇ ಭಾಷೆಯ ನಿಯಮ ಭರವಸೆ ಕೊಡುತ್ತದೆ. ಎರಡನೆಯದು ಆಯಾ ಯಂತ್ರವ್ಯವಸ್ಥೆಯ ಮರ್ಜಿ. ಕನ್ನಡಿಗರಿಗೆ ಇದು ಅಲ್ಪ ವಿಷಯವಲ್ಲ. ಇಂದು ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟುಗಳಷ್ಟು ಉದ್ದ. ಅನ್‌ಗೆಟ್‌ಸಿಯು ಮರಳಿಸುವುದು ಬೈಟನ್ನು. ಇಂಗ್ಲಿಷಿನ 'ಎ'ಗೆ ಸಾಲುವ ಭರವಸೆ ನಮ್ಮ ಳಕಾರಕ್ಕೆ ಸಾಲದು. ಇದಕ್ಕೆಂದೇ ಇರುವ 'ಅನ್‌ಗೆಟ್‌ಡಬ್ಲ್ಯೂಸಿ'ಯು ಇಡೀ ಸಂಕೇತವನ್ನೇ ಒಂದೆಂದು ಎಣಿಸಿ ಮರಳಿಸುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ 6 ಸಂಕೇತಗಳಿದ್ದರೂ ಚಿಂತೆಯಿಲ್ಲ. ಅವೆಲ್ಲವನ್ನೂ ಕೂಡಿಸಿಕೊಂಡ ಮೇಲೆ, ಹೊಂದದೆ ಉಳಿಯುವುದು ನಂತರದ ಒಂದೇ ಒಂದು.

ಝಳಕಿಯೇ ಕಡತದ ಕೊನೆಯ ಪದವಾಗಿದ್ದರೆ? ಗುಡಿಸಿನ ಬಳಿಕ ಬರುವುದು ಅಕ್ಷರವಲ್ಲ, ಮುಗಿಯಿತೆಂಬ ಸೂಚನೆ. ಅದನ್ನು ಮರಳಿಸಹೋದರೆ ಆಜ್ಞೆ ನಿಷ್ಫಲವಾಗುತ್ತದೆ, ಪ್ರವಾಹ ಕದಲುವುದಿಲ್ಲ. ಹೆಸರು ಪೂರ್ಣವಾಗಿಯೇ ಉಳಿಯುತ್ತದೆ.