ಬಡಗಣ ಕಾವಲಿನ ಆನೆಗೊಂದಿ

ಹಂಪಿಗೆ ಬಂದವರಲ್ಲಿ ಬಹಳಷ್ಟು ಮಂದಿ ತುಂಗಭದ್ರೆಯ ದಕ್ಷಿಣ ದಂಡೆಯಲ್ಲೇ ಸುತ್ತಾಡಿ ಮರಳುತ್ತಾರೆ. ಹೊಳೆ ದಾಟಿದವರೂ ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದು ಬಸ್ಸು ಹಿಡಿಯುತ್ತಾರೆ. ಅಲ್ಲೇ ಪಕ್ಕದಲ್ಲಿರುವ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಕೋಟೆ ಮಾತ್ರ ನೋಡುವವರಿಲ್ಲದೆ ಉಳಿಯುತ್ತದೆ.

ಹಂಪಿಯೇ ರಾಜಧಾನಿಯಾಗಿದ್ದ ವಿಜಯನಗರಕ್ಕೆ ದೊಡ್ಡ ಅಪಾಯ ಬಡಗಣ ದಿಕ್ಕಿನಿಂದಲೇ; ಆ ದಿಕ್ಕಿನ ಕಾವಲು ಆನೆಗೊಂದಿಯದು. ವಿಜಯನಗರ ಹುಟ್ಟುವ ಮೊದಲೇ, 1327ರ ಸುಮಾರಿಗೆ, ದೆಹಲಿಯ ಸೈನ್ಯ ಕಂಪಿಲರಾಯನ ರಾಜ್ಯವನ್ನು ಮುರಿದಿತ್ತು. ಅವನ ಮಗ ಕುಮಾರರಾಮನ ಕುಮ್ಮಟದುರ್ಗ ಇದೇ ಕೊಪ್ಪಳ ಜಿಲ್ಲೆಯಲ್ಲಿದೆ. ಮುಂದೆ ಕೃಷ್ಣಾ–ತುಂಗಭದ್ರೆಯ ನಡುವಣ ದೋಆಬ್ ನೆಲಕ್ಕಾಗಿ ಬಹಮನಿ ಸುಲ್ತಾನರಿಗೂ ರಾಯರಿಗೂ ತಲೆಮಾರುಗಟ್ಟಲೆ ಕಾದಾಟ ನಡೆಯಿತು. ರಾಯಚೂರು, ಮುದಗಲ್ಲು ಕೈಬಿಟ್ಟಾಗಲೆಲ್ಲ ಗಡಿ ಆನೆಗೊಂದಿಯತ್ತ ಸರಿಯುತ್ತಿತ್ತು.

ಇಲ್ಲಿ ಕೋಟೆಯ ಅರ್ಧ ಕೆಲಸವನ್ನು ಬೆಟ್ಟಗಳೇ ಮಾಡಿವೆ. ದಕ್ಷಿಣಕ್ಕೆ ಹೊಳೆ, ಉಳಿದೆಡೆ ಬಂಡೆಗುಡ್ಡ. ಗುಡ್ಡಗಳ ನಡುವಿನ ಕಿಂಡಿಗಳನ್ನಷ್ಟೇ ಗೋಡೆ ಎತ್ತಿ ಮುಚ್ಚಿದ್ದಾರೆ. ಗೋಡೆಯ ಹತ್ತಿರ ಹೋಗಿ ನೋಡಬೇಕು: ಆಳೆತ್ತರದ ಕಲ್ಲುಗಳು ಗಾರೆಯಿಲ್ಲದೆ ಒಂದರ ಮೂಲೆಗೊಂದು ಕಚ್ಚಿಕೊಂಡು ಕೂತಿವೆ.

1520ರ ಆಸುಪಾಸು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಹೊಳೆ ದಾಟಿಸುತ್ತಿದ್ದ ಹರಿಗೋಲುಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿ. ಹದಿನೈದಿಪ್ಪತ್ತು ಮಂದಿ ಕೂರುತ್ತಿದ್ದರು. ಬೇಕಾದರೆ ಕುದುರೆ, ಎತ್ತುಗಳೂ ಏರುತ್ತಿದ್ದವು. ಆದರೆ ಹೆಚ್ಚಿನ ಪ್ರಾಣಿಗಳು ಈಜಿಯೇ ದಾಟುತ್ತಿದ್ದವು. ಹರಿಗೋಲು ಇಂದಿಗೂ ಅದೇ ಆಕಾರದಲ್ಲಿದೆ, ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ ಅಷ್ಟೆ.

1565ರ ಜನವರಿಯಲ್ಲಿ ರಾಜಧಾನಿಯ ಹಣೆಬರಹ ನಿರ್ಧಾರವಾದದ್ದು ಇಲ್ಲಲ್ಲ, ದೂರದ ಕೃಷ್ಣೆಯ ಬಳಿ, ರಕ್ಕಸಗಿ–ತಂಗಡಗಿಯ ಕಾಳಗದಲ್ಲಿ. ಸೋಲಿನ ಬಳಿಕ ಅರಸುಮನೆತನ ಪೆನುಕೊಂಡಕ್ಕೆ ಹೊರಟುಹೋಯಿತು.

ಹೊಳೆಯ ಆಸರೆಯಿಲ್ಲದ ಕೋಟೆ ಹೇಗಿರುತ್ತದೆಂದು ತಿಳಿಯಲು ಕೊಪ್ಪಳಕ್ಕೆ ಹೋಗಬೇಕು. 1786ರಲ್ಲಿ ಅಲ್ಲಿನ ಕೋಟೆಯನ್ನು ಪಡೆದ ಟಿಪ್ಪು ಸುಲ್ತಾನ್ ಅದನ್ನು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. 1790–91ರಲ್ಲಿ ಬ್ರಿಟಿಷ್ ಹಾಗೂ ನಿಜಾಮನ ಸೇನೆಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕಾಯಬೇಕಾಯಿತು. ಭಾರತದಲ್ಲಿ ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಗಟ್ಟಿಯಾದದ್ದೆಂದವನು ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರೊಡನೆ ಹೋರಾಡಿ ಮಡಿದದ್ದೂ ಕೊಪ್ಪಳದಲ್ಲೇ.

ಆನೆಗೊಂದಿಗೆ ಹೋಗುವವರು ಗಂಗಾವತಿಯ ಕಡೆಯಿಂದ, ಅಂದರೆ ದಂಡು ಬರುತ್ತಿದ್ದ ದಿಕ್ಕಿನಿಂದಲೇ ಹೋಗಲಿ. ಕೋಟೆಯ ಜಾಣತನ ಆಗ ತಿಳಿಯುತ್ತದೆ. ಬಿಸಿಲೇರುವ ಮೊದಲೇ ಹೊರಡಿ, ಕುಡಿಯುವ ನೀರು ಜೊತೆಗಿರಲಿ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹರಿಗೋಲನ್ನು ನಂಬಬೇಡಿ.